ಮೂರನೇ ಸಿಲಿಂಡರಿನ ಪ್ಲಗ್: ಒಂದು ಹಳೇ ಕಾರಿನ ತಕರಾರು

ಗಾಡಿ 23 ವರ್ಷದ್ದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಸಿಲಿಂಡರುಗಳಿರುವ ಬ್ಲಾಕ್ ಎರಕದ ಕಬ್ಬಿಣ, ಅದರ ಮೇಲೆ ಮುಚ್ಚಳದಂತೆ ಕೂತು ಪ್ಲಗ್ಗುಗಳನ್ನು ಹಿಡಿದಿರುವ ಹೆಡ್ ಅಲ್ಯೂಮಿನಿಯಂ. ಷೋರೂಮಿನಿಂದ ತಂದ ದಿನದಿಂದಲೂ ಒಬ್ಬರೇ ಓಡಿಸಿಕೊಂಡು ಬಂದಿದ್ದಾರೆ. ಅವರು ಗ್ಯಾರೇಜಿಗೆ ಬಿಟ್ಟಾಗ ಹೇಳಿದ ಕೆಲಸ ಮೂರೇ: ಆಯಿಲ್ ಬದಲಿಸಿ, ನಾಲ್ಕು ಸ್ಪಾರ್ಕ್ ಪ್ಲಗ್ ಹೊಸದು ಹಾಕಿ, ಹಿಂದಿನ ಬ್ರೇಕ್ ಬಿಚ್ಚಿ ನೋಡಿ. ಸಂಜೆ ಗಾಡಿ ಕೈಗೆ ಬಂತು, ಬಿಲ್ ಕಟ್ಟಿದರು, ಹೊರಟರು.

ದಾರಿಯಲ್ಲೇ ಬಾನೆಟ್ ಒಳಗಿಂದ ಸಣ್ಣಗೆ ಟಿಕ್ ಟಿಕ್ ಅಂತ ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಬೇಗ ಬೇಗ, ಕಾಲು ತೆಗೆದರೆ ನಿಧಾನ. ಫೋನ್ ಮಾಡಿದಾಗ ಗ್ಯಾರೇಜಿನಿಂದ ಬಂದ ಉತ್ತರ: “ಹೊಸ ಪ್ಲಗ್ ಮೇಡಂ, ಸೆಟ್ ಆಗಬೇಕು, ಓಡಿಸಿ.” ಓಡಿಸಿದರು. ಮಾರನೇ ದಿನ, ಒಟ್ಟು ನಲವತ್ತು ಕಿಲೋಮೀಟರ್ ಆಗಿರಬಹುದು, ಒಂದು ಏರಿನಲ್ಲಿ ಪಟಾಕಿ ಸಿಡಿದಂಥ ಸದ್ದಾಗಿ ಗಾಡಿ ಗಡಗಡ ನಡುಗತೊಡಗಿತು. ಬಾನೆಟ್ ಎತ್ತಿದರೆ ಮೂರನೇ ಸಿಲಿಂಡರಿನ ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬಿರುಕು ಬಿಟ್ಟು ಓರೆಯಾಗಿ ನಿಂತಿತ್ತು. ಅದರ ಕೆಳಗೆ ಪ್ಲಗ್ಗು ತನ್ನ ತೂತಿನಿಂದ ಎದ್ದು ಬಂದು, ಅಲುಗಾಡುವ ಹಲ್ಲಿನ ಹಾಗೆ ಕೂತಿತ್ತು.

ಪ್ಲಗ್ ಸೆಟ್ ಆಗುವುದು ಅಂತ ಒಂದು ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರಕರಣದಲ್ಲಿ ಆದ ನಷ್ಟದ ಅರ್ಧ ಆ ಒಂದು ಫೋನ್ ಮಾತಿನಿಂದ ಆದದ್ದು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಐಡ್ಲಿಂಗ್ 800 ಆರ್‌ಪಿಎಂ ಇದ್ದರೆ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ. ಆ ಟಿಕ್ ಟಿಕ್ ಅಂದರೆ ಅಷ್ಟೂ ಸಲ ಪ್ಲಗ್ಗಿನ ಪಕ್ಕದಿಂದ ಗ್ಯಾಸ್ ನುಸುಳುವ ಸದ್ದು. ಉರಿಯುವಾಗ ಒಳಗಿನ ಒತ್ತಡ 50 ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 50 ಪಟ್ಟು, ಅಂತಲೇ ಇಟ್ಟುಕೊಳ್ಳಿ (ಏರಿನಲ್ಲಿ ಪೂರ್ತಿ ಒತ್ತಿದಾಗ ಇನ್ನೂ ಜಾಸ್ತಿ), 14 ಮಿಲಿಮೀಟರ್ ಪ್ಲಗ್ಗಿನ ತಳದ ಮೇಲೆ ಬೀಳುವ ಬಲ ಸುಮಾರು 78 ಕೆಜಿ ತೂಕದಷ್ಟು. ಒಬ್ಬ ದೊಡ್ಡ ಆಳು ಒಳಗೆ ಕೂತು ಸೆಕೆಂಡಿಗೆ ಹತ್ತಿಪ್ಪತ್ತು ಸಲ ಒದೆಯುತ್ತಿದ್ದ ಹಾಗೆ. ಹೆಡ್ಡಿನಲ್ಲಿ ಪ್ಲಗ್ಗನ್ನು ಹಿಡಿದಿಡುವ ಥ್ರೆಡ್, ಅಂದರೆ ತಿರುಪಿನ ಗೆರೆ, ಗಟ್ಟಿ ಇದ್ದರೆ ಲಕ್ಷ ಕಿಲೋಮೀಟರ್ ತಡೆಯುತ್ತದೆ. ಇಲ್ಲಿ ನಲವತ್ತಕ್ಕೆ ಸೋತಿತು.

ನಾನು ಈ ನಡುವೆ ಬಂದದ್ದು ಹೇಗೆ ಅಂದರೆ, ನನ್ನದು ಎಂಜಿನ್ ಮೆಷಿನಿಂಗ್ ಕೆಲಸ. ರೀಬೋರು, ವಾಲ್ವ್ ಗ್ರೈಂಡಿಂಗು, ಹೆಡ್ ಫೇಸಿಂಗು, ಹಾಳಾದ ಥ್ರೆಡ್ಡಿಗೆ ಬುಷ್, ಅಂದರೆ ಒಳಗೆ ಹೊಸ ಥ್ರೆಡ್ ಇರುವ ಸಣ್ಣ ಕೊಳವೆ, ಹಾಕುವುದು. ಆ ಗ್ಯಾರೇಜಿನವರು ವರ್ಷಗಳಿಂದ ನನಗೆ ಕೆಲಸ ತರುತ್ತಾರೆ. ಗಾಡಿಯವರ ಪರಿಚಯವೂ ಇದೆ. ಇಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡಿ ಒಂದೇ ಮಾತು ಹೇಳಿದರು: “ನೀವು ಬಂದು ನೋಡಿ ಹೇಳಿ, ಅವರು ಸುಳ್ಳು ಹೇಳ್ತಿದಾರೆ.”

ನಾನು ಹೋಗುವ ಮುಂಚೆ ಗಾಡಿಯವರಿಗೆ ಒಂದೇ ಕೇಳಿದ್ದು, ಪ್ಲಗ್ಗನ್ನು ಯಾರಾದರೂ ಮುಟ್ಟಿದ್ದಾರಾ ಅಂತ. ಇಲ್ಲ ಅಂದರು. ಟೋ ಮಾಡುವವನು ಒಬ್ಬ, ಇನ್ನೊಂದು ಗ್ಯಾರೇಜ್ ಗೊತ್ತು, ಒಂದು ಗಂಟೆಯಲ್ಲಿ ಟ್ಯಾಪ್ ಹೊಡೆದು (ಹೊಸ ಥ್ರೆಡ್ ಕೊರೆದು) ಕೊಡ್ತಾರೆ ಅಂದಿದ್ದನಂತೆ. ಪುಣ್ಯಕ್ಕೆ ಬೇಡ ಅಂದಿದ್ದರು. ಅಲ್ಲಿ ಟ್ಯಾಪ್ ಹೊಡೆದಿದ್ದರೆ ತೂತಿನಲ್ಲಿದ್ದ ಸಾಕ್ಷಿಯೆಲ್ಲ ಬುರುಬುರು ಪುಡಿಯಾಗಿ ಹೋಗುತ್ತಿತ್ತು. ಆಮೇಲೆ ಯಾರ ಗಂಟಲು ದೊಡ್ಡದೋ ಅವರದ್ದೇ ನ್ಯಾಯ. ಗಾಡಿ ಅವರ ಮನೆಯಂಗಳಕ್ಕೆ ಹೋಗಿ ನಿಂತಿತ್ತು, ಬಾನೆಟ್ ಕೆಳಗೆ ಎಲ್ಲ ಹೇಗಿತ್ತೋ ಹಾಗೇ.

ಅವರ ದೂರು ಮೂರು. ಪ್ಲಗ್ ಹಾರಿ ಥ್ರೆಡ್ ಮತ್ತು ಕಾಯಿಲ್ ಹೋದದ್ದು ಒಂದು. ಎಡಗಡೆ ಬಾಗಿಲ ಕೆಳಗೆ ಉದ್ದಕ್ಕೆ ಬರುವ ಪೆಟ್ಟಿಗೆಯಂಥ ಭಾಗ, ಸಿಲ್ ಅಂತೀವಲ್ಲ, ಅದು ಜಾಕ್ ಇಟ್ಟ ಕಡೆ ಒಳಕ್ಕೆ ಮಡಚಿದ್ದು ಎರಡು. ಮೂರನೆಯದು ಏರ್ ಫಿಲ್ಟರ್ ಪೈಪಿನ ಪಕ್ಕ ಒಂದು ವೈರಿನ ಕನೆಕ್ಟರ್ ಲಾಕ್ ಮುರಿದದ್ದು. ಮೂರನೆಯದನ್ನು ಇಲ್ಲೇ ಮುಗಿಸಿಬಿಡೋಣ: ಎಂಜಿನ್ ಬಿಸಿಯಲ್ಲಿ 23 ವರ್ಷ ಬೆಂದ ಪ್ಲಾಸ್ಟಿಕ್ ಅದು, ಉಗುರಿನಲ್ಲಿ ಒತ್ತಿದರೂ ಹಪ್ಪಳದಂತೆ ಒಡೆಯುತ್ತದೆ. ಯಾರು ಮುಟ್ಟಿದರೂ ಮುರಿಯುತ್ತಿತ್ತು. ಒಂದು ಟೈ ಹಾಕಿ ಬಿಗಿದರೆ ಆಯಿತು. ಮಾತು ಬೇಡ ಅಂದೆ, ಇಬ್ಬರೂ ಒಪ್ಪಿದರು.

ಅವರಿಗೆ ಹೆಚ್ಚು ಸಿಟ್ಟಿದ್ದದ್ದು ಸಿಲ್ ಬಗ್ಗೆ. ಕಣ್ಣಿಗೆ ಕಾಣುವುದು ಅದೇ ತಾನೇ. ಗ್ಯಾರೇಜಿನವರಿಗೆ ಹೆಚ್ಚು ಭಯ ಇದ್ದದ್ದು ಹೆಡ್ ಬಗ್ಗೆ. ಅವರ ಉತ್ತರ ಎರಡಕ್ಕೂ ಒಂದೇ: “ಹಳೇ ಗಾಡಿ ಅಣ್ಣ. ಥ್ರೆಡ್ ಮೊದಲೇ ಹೋಗಿತ್ತು, ತಗಡು ಮೊದಲೇ ತಿಂದಿತ್ತು. ನಾವು ಕೊನೆಗೆ ಮುಟ್ಟಿದ್ವಿ ಅಂತ ನಮ್ಮ ತಲೆಗೆ ಕಟ್ತಿದಾರೆ.”

ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಹಳೇ ಹೆಡ್‌ಗಳಲ್ಲಿ ಪ್ಲಗ್ ಬಿಚ್ಚುವಾಗಲೇ ಅಲ್ಯೂಮಿನಿಯಂ ಥ್ರೆಡ್ ಅದಕ್ಕೆ ಅಂಟಿಕೊಂಡು ಬಂದದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಪ್ಲಗ್ಗಿನ ಹೊರಕವಚ ಉಕ್ಕು, ಹೆಡ್ ಅಲ್ಯೂಮಿನಿಯಂ. ಎರಡು ಬೇರೆ ಲೋಹ ವರ್ಷಗಟ್ಟಲೆ ಅಂಟಿಕೊಂಡು ತೇವ, ಕಾರ್ಬನ್ ಕುಡಿದರೆ ಒಂದನ್ನೊಂದು ಹಿಡಿದುಬಿಡುತ್ತವೆ. ಅಂಥಾ ಕಡೆ ಎಷ್ಟು ನಾಜೂಕಾಗಿ ಬಿಚ್ಚಿದರೂ ಕೆಲವು ಸಲ ಥ್ರೆಡ್ ಬರುತ್ತದೆ. ಅದು ಮೆಕ್ಯಾನಿಕ್ ತಪ್ಪಲ್ಲ. ಹಾಗಾಗಿ ನನ್ನ ಮುಂದಿದ್ದ ಪ್ರಶ್ನೆ ಇಷ್ಟೇ: ಥ್ರೆಡ್ ಹೋದದ್ದು ಹಳೇ ಪ್ಲಗ್ ಬಿಚ್ಚುವಾಗಲೋ, ಹೊಸ ಪ್ಲಗ್ ಹಾಕುವಾಗಲೋ?

ಇದಕ್ಕೆ ಉತ್ತರ ಡಿಕ್ಕಿಯಲ್ಲೇ ಇತ್ತು. ಹಳೇ ಸಾಮಾನು ವಾಪಸ್ ಕೊಡಿ ಅಂತ ಗಾಡಿಯವರು ಯಾವಾಗಲೂ ಕೇಳಿ ಇಸಕೊಳ್ಳುತ್ತಾರಂತೆ. ಹೊಸ ಪ್ಲಗ್ಗುಗಳ ಖಾಲಿ ಡಬ್ಬಿಯಲ್ಲಿ ನಾಲ್ಕು ಹಳೇ ಪ್ಲಗ್ ಹಾಕಿ ಕೊಟ್ಟಿದ್ದರು. ಬಿಳಿ ಬಟ್ಟೆ ಹಾಸಿ, ಸಾಲಾಗಿ ಇಟ್ಟು, ಪಕ್ಕದಲ್ಲಿ ಹಾರಿಬಂದ ಹೊಸ ಪ್ಲಗ್ ಇಟ್ಟೆ. ಗ್ಯಾರೇಜಿನವರು ಬರುವ ತನಕ ನಾನು ಬಾಯಿ ಬಿಡಲಿಲ್ಲ. ಅವರ ಎದುರೇ ನೋಡಬೇಕಿತ್ತು.

ಹೊಸ ಪ್ಲಗ್ಗಿನ ತುದಿಯ ನಾಲ್ಕು ಥ್ರೆಡ್‌ಗಳ ಸಂದಿಯಲ್ಲಿ ಅಲ್ಯೂಮಿನಿಯಂ ತುಂಬಿಕೊಂಡಿತ್ತು. ಒಂದು ಕಡೆ ಅದು ಬಿಡಿಸಿಕೊಂಡು ಸಣ್ಣ ಸ್ಪ್ರಿಂಗ್ ಹಾಗೆ ಸುರುಳಿಯಾಗಿ ನೇತಾಡುತ್ತಿತ್ತು. ಮೇಲೆ ತೆಳ್ಳಗೆ ಮಸಿ. ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒಂದು ಸಲ ಒರೆಸಿದ್ದಕ್ಕೆ ಮಸಿ ಹೋಗಿ ಕೆಳಗೆ ಬೆಳ್ಳಿಯಂತೆ ಹೊಳೆಯುವ ಲೋಹ. ಹಳೆಯ ಗಾಯವಾಗಿದ್ದರೆ ಇಷ್ಟು ಸುಲಭಕ್ಕೆ ಒರೆಸಿದರೆ ಹೋಗುವುದಿಲ್ಲ. ಕಾರ್ಬನ್ ಬೆಂದು ಬೆಂದು ಕಲ್ಲಾಗಿರುತ್ತದೆ, ಕೆರೆದು ತೆಗೆಯಬೇಕು. ಇದು ಒಂದೆರಡು ದಿನದ ಮಸಿ.

ಆಮೇಲೆ ಹಳೆಯವು. ನಾಲ್ಕರ ಥ್ರೆಡ್ಡೂ ಸ್ವಚ್ಛ. ತುದಿಯಲ್ಲಿ ಒಂದೆರಡು ಸುತ್ತು ಕಾರ್ಬನ್ ಬಿಟ್ಟರೆ ಎಲ್ಲೂ ಅಲ್ಯೂಮಿನಿಯಂನ ಚೂರೂ ಇಲ್ಲ. ಗ್ಯಾರೇಜಿನವರು ತಕ್ಷಣ ಹೇಳಿದರು: “ಯಾವುದು ಮೂರನೇದು ಅಂತ ಹೇಗೆ ಹೇಳ್ತೀರಾ? ನಂಬರ್ ಹಾಕಿಲ್ವಲ್ಲ.” ಒಳ್ಳೆ ಪ್ರಶ್ನೆ. ಆದರೆ ಇಲ್ಲಿ ನಂಬರ್ ಬೇಕಾಗಿಯೇ ಇಲ್ಲ. ನಾಲ್ಕೂ ಸಾಫಾಗಿರುವಾಗ ಮೂರನೆಯದು ಯಾವುದಾದರೇನು, ಅದೂ ಸಾಫೇ. ಬಿಚ್ಚುವಾಗ ಥ್ರೆಡ್ ಬಂದಿದ್ದರೆ ನಾಲ್ಕರಲ್ಲಿ ಒಂದಾದರೂ ಅದನ್ನು ಮೈಮೇಲೆ ಹೊತ್ತಿರಬೇಕಿತ್ತು.

ಇನ್ನೂ ಒಂದು ಗುರುತಿತ್ತು, ಅದನ್ನು ಬಿಟ್ಟುಬಿಡುವವರೇ ಹೆಚ್ಚು. ಈ ಜಾತಿಯ ಪ್ಲಗ್ಗಿಗೆ ಕೆಳಗೊಂದು ಟೊಳ್ಳು ವಾಷರ್ ಇರುತ್ತದೆ, ಬಿಗಿ ಮಾಡಿದಾಗ ಚಪ್ಪಟೆಯಾಗಿ ಗ್ಯಾಸ್ ತಡೆಯುತ್ತದೆ. ಹಳೇ ನಾಲ್ಕು ಪ್ಲಗ್ಗಿನ ವಾಷರ್ ಸುತ್ತಲೂ ಒಂದೇ ಸಮ ಒತ್ತಿಕೊಂಡಿದ್ದವು. ಅಂದರೆ ನಾಲ್ಕೂ ನೆಟ್ಟಗೆ ಕೂತಿದ್ದವು, ಅಲ್ಲಿ ಥ್ರೆಡ್ ಇತ್ತು. ಹೊಸದರ ವಾಷರ್ ಒಂದು ಪಕ್ಕ ಒತ್ತಿ ತೆಳ್ಳಗಾಗಿದೆ, ಎದುರು ಪಕ್ಕ ಡಬ್ಬಿಯಿಂದ ತೆಗೆದ ಹಾಗೇ ಉಬ್ಬಿದೆ. ಸಾಮಾನ್ಯವಾಗಿ ಓರೆಯಾಗಿ ಹತ್ತಿದ ಪ್ಲಗ್ಗೇ ಈ ಗುರುತು ಬಿಡುವುದು. ವಾಷರನ್ನು ಬೆರಳಲ್ಲಿ ತಿರುಗಿಸುತ್ತಾ ಗ್ಯಾರೇಜಿನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜೊತೆಗೆ ಬಂದಿದ್ದ ಹುಡುಗನ ಕಡೆ ತಿರುಗಿ, “ಏನೋ, ಹೇಗೆ ಹಾಕಿದೆ ಇದನ್ನ?” ಅಂದರು.

ಹುಡುಗ ಸುಳ್ಳು ಹೇಳಲಿಲ್ಲ. “ಕೈಯಲ್ಲಿ ಒಂದೂವರೆ, ಎರಡು ಸುತ್ತು ಹೋಯ್ತಣ್ಣ. ಆಮೇಲೆ ಟೈಟಾಯ್ತು. ಹಳೇ ಗಾಡಿ ಅಲ್ವಾ, ಒಳಗೆ ಕಾರ್ಬನ್ ಇರಬೇಕು ಅಂತ ರ‍್ಯಾಚೆಟ್ ಪಾನಾ ಹಾಕ್ದೆ.”

ಇಡೀ ಪ್ರಕರಣ ಈ ಮಾತಿನಲ್ಲಿದೆ ಅಂತ ನನಗನಿಸಿದ್ದು. ಹಾಳಾದ ಮೇಲೆ ನೆಪವಾಗಿ ಬಂದ ‘ಹಳೇ ಗಾಡಿ’ಯೇ ಹಾಳಾಗುವ ಮುಂಚೆ ಕಾರಣವೂ ಆಗಿತ್ತು. ಇದೇ ಹುಡುಗ ಹೊಸ ಕಾರಿನಲ್ಲಿ ಎರಡು ಸುತ್ತಿಗೆ ಬಿಗಿ ಬಂದಿದ್ದರೆ ನಿಲ್ಲಿಸಿ ಕೇಳುತ್ತಿದ್ದ. ಹಳೆಯದು ಅನ್ನುವುದಕ್ಕೇ ಬಿಗಿ ಸಹಜ ಅಂದುಕೊಂಡ, ಒತ್ತಿದ. ಲೆಕ್ಕ ನೋಡಿ: ಥ್ರೆಡ್ಡಿನ ಉದ್ದ 19 ಮಿಲಿಮೀಟರ್, ಒಂದು ಸುತ್ತಿಗೆ ಒಳಗೆ ಹೋಗುವುದು 1.25 ಮಿಲಿಮೀಟರ್. ಅಂದರೆ ಸರಿಯಾಗಿ ಹತ್ತಿದ ಪ್ಲಗ್ ಬರೀ ಬೆರಳಲ್ಲಿ ಹದಿನಾಲ್ಕು ಸುತ್ತಿನ ಹತ್ತಿರ ಹತ್ತಿರ ಇಳಿಯಬೇಕು. ವಾಷರ್ ತಾಗಿದ ಮೇಲೆ ಬಿಗಿ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ 25ರಿಂದ 30 ನ್ಯೂಟನ್ ಮೀಟರ್, ಅದಿಲ್ಲದಿದ್ದರೆ ಅರ್ಧ ಸುತ್ತಿನಿಂದ ಮುಕ್ಕಾಲಿಗೆ ಸ್ವಲ್ಪ ಕಮ್ಮಿ. ಎರಡಕ್ಕೇ ಬಿಗಿ ಬಂದರೆ ಅದು ಕಾರ್ಬನ್ ಅಲ್ಲ, ಓರೆ. ಕಾರ್ಬನ್ನೇ ಇದ್ದರೂ ಅದಕ್ಕೆ ರ‍್ಯಾಚೆಟ್ ಮದ್ದಲ್ಲ. ಬಿಚ್ಚಿ, ಕ್ಲೀನ್ ಮಾಡಿ, ಪ್ಲಗ್ಗನ್ನು ಮೊದಲು ಹಿಂದಕ್ಕೆ ತಿರುಗಿಸಬೇಕು. ಟಕ್ ಅಂತ ಥ್ರೆಡ್ ಥ್ರೆಡ್ಡಿಗೆ ಬೀಳುವುದು ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಮುಂದಕ್ಕೆ. ನಮ್ಮ ಹಳಬರು ಪ್ಲಗ್ಗಿನ ಬಿಳಿ ಪಿಂಗಾಣಿಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಅದರಲ್ಲೇ ಹತ್ತಿಸುತ್ತಿದ್ದರು. ಓರೆಯಾದರೆ ಪೈಪ್ ಜಾರಿಬಿಡುತ್ತದೆ, ಒತ್ತೋಣ ಅಂದರೂ ಆಗುವುದಿಲ್ಲ.

ಹೆಡ್ ವಿಷಯದಲ್ಲಿ ಗ್ಯಾರೇಜಿನವರ ತಕರಾರು ಅಲ್ಲಿಗೆ ಮುಗಿಯಿತು. ಗಾಡಿಯವರ ಮುಖ ಅರಳಿತು. “ಇನ್ನು ಸಿಲ್?” ಅಂದರು.

ಸಿಲ್ ಕೆಳಗೆ ಮಲಗಿ ನೋಡಿದರೆ ಮಡಚಿದ ಜಾಗಕ್ಕೆ ಕಪ್ಪು ಸ್ಪ್ರೇ ಹೊಡೆದಿತ್ತು. ಬಣ್ಣ ಹೊಸದು, ಥಿನ್ನರ್ ಬಟ್ಟೆ ತಾಗಿಸಿದರೆ ಕೈಗೆ ಬರುತ್ತದೆ. ಅದರ ತುಂತುರು ಬಾಗಿಲಿನ ಕೆಳಗಿನ ರಬ್ಬರ್ ಮೇಲೂ ಬಿದ್ದಿತ್ತು. ಅದನ್ನು ನೋಡಿದ ಕೂಡಲೇ ಅವರಿಗೆ ಉರಿದುಹೋಯಿತು, ಸಹಜ. ನನಗೂ ಬೇಸರವಾಯಿತು. ಬಣ್ಣ ಹೊಡೆದವನಿಗೆ ಮಡಚಿದ್ದು ಗೊತ್ತಿತ್ತು ಅಂತ ಅರ್ಥ, ಗೊತ್ತಿದ್ದೂ ಹೇಳಲಿಲ್ಲ ಅಂತ ಅರ್ಥ.

ಆದರೆ ಬಣ್ಣ ಒರೆಸಿದ ಮೇಲೆ ಕಂಡದ್ದು ಬೇರೆ. ಸಿಲ್ಲಿನ ಕೆಳಅಂಚಿನಲ್ಲಿ ಎರಡು ತಗಡು ಸೇರಿಸಿ ವೆಲ್ಡ್ ಮಾಡಿದ ಪಟ್ಟಿ ಇರುತ್ತದೆ. ಅದರಲ್ಲಿ ಎರಡು ಕಡೆ ಸಣ್ಣ ಕಚ್ಚು ಬಿಟ್ಟಿರುತ್ತಾರೆ, ಜಾಕ್ ಅವೆರಡರ ನಡುವೆ ಬರಬೇಕು ಅಂತ. ಜಾಕಿನ ತಟ್ಟೆಯ ಗುರುತು ಸರಿಯಾಗಿ ಆ ಎರಡು ಕಚ್ಚುಗಳ ನಡುವೆಯೇ ಇತ್ತು. ಜಾಗ ತಪ್ಪಿಲ್ಲ. ಹಾಗಾದರೆ ಯಾಕೆ ಮಡಚಿತು? ಸ್ಕ್ರೂಡ್ರೈವರಿನ ಹಿಡಿಯಿಂದ ಬಲಗಡೆ ಸಿಲ್ ಬಡಿದೆ, ಟಣ್ ಅಂತು. ಎಡಗಡೆ ಬಡಿದರೆ ರಟ್ಟಿನ ಡಬ್ಬಿ ಬಡಿದಂತೆ ಡಬ್ ಡಬ್. ಮಡಿಕೆಯ ಅಂಚಿನಲ್ಲಿ ತುದಿ ಒತ್ತಿದ್ದಕ್ಕೆ ಪದರ ಪದರವಾಗಿ ತುಕ್ಕು ಉದುರಿತು, ಗಾಢ ಕಂದು, ಪುಸ್ತಕದ ಹಾಳೆಗಳಂತೆ. ಎರಡು ದಿನದಲ್ಲಿ ಬರುವ ತುಕ್ಕು ಕಿತ್ತಳೆ ಬಣ್ಣದ ಪುಡಿ. ಪದರ ಕಟ್ಟಲು ವರ್ಷಗಳು ಬೇಕು. ಹೊಸದರಲ್ಲಿ ಒಂದು ಮಿಲಿಮೀಟರಿನ ಆಸುಪಾಸು ಇದ್ದ ತಗಡು ಕೆಲವು ಕಡೆ ಬೆರಳಲ್ಲಿ ಒತ್ತಿದರೆ ಬಾಗುವಷ್ಟಾಗಿತ್ತು.

ಮತ್ತೆ ಕೆಳಗೆ ಕೈಯಾಡಿಸಿದೆ. ಸಿಲ್ ಒಳಗೆ ಬಂದ ನೀರು ಹರಿದುಹೋಗಲು ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಒಂದೂ ಕೈಗೆ ಸಿಗಲಿಲ್ಲ. ಎಲ್ಲದರ ಮೇಲೂ ದಪ್ಪಗೆ ರಬ್ಬರಿನಂಥ ಕಪ್ಪು ಲೇಪ, ಅಂಡರ್ ಕೋಟಿಂಗ್.

“ಇದು ಯಾವಾಗ ಮಾಡಿಸಿದ್ದು?” ಅಂತ ಕೇಳಿದೆ.

“ತುಂಬಾ ವರ್ಷ ಆಯ್ತು. ತುಕ್ಕು ಹಿಡೀಬಾರದು ಅಂತ ನಾನೇ ಬೇರೆ ಕಡೆ ಮಾಡಿಸಿದ್ದು.”

ಅವರಿಗೂ ಅರ್ಥವಾಯಿತು. ತುಕ್ಕು ತಡೆಯಲು ಹಚ್ಚಿಸಿದ್ದೇ ತೂತು ಮುಚ್ಚಿ, ನೀರು ಒಳಗೇ ನಿಂತು, ಒಳಗಿನಿಂದ ತಿಂದಿತ್ತು. ಆ ಸಿಲ್ ಮೇಲೆ ಯಾವ ಗ್ಯಾರೇಜಿನವರು ಜಾಕ್ ಇಟ್ಟಿದ್ದರೂ ಮಡಚುತ್ತಿತ್ತು. ನಾಳೆ ದಾರಿಯಲ್ಲಿ ಪಂಕ್ಚರಾಗಿ ಅವರೇ ಸ್ಟೆಪ್ನಿ ಹಾಕಲು ಹೋಗಿದ್ದರೆ ಅವರ ಕೈಯಲ್ಲೇ ಮಡಚುತ್ತಿತ್ತು, ಗಾಡಿ ಜಾಕಿನಿಂದ ಜಾರಿ ಬಿದ್ದರೂ ಬೀಳುತ್ತಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಬ್ಬರಿಗೂ ಹಿಡಿಸದ ಹಾಗೆ ಬಂತು. ಮಡಚಿದ್ದು ಗ್ಯಾರೇಜಿನ ತಪ್ಪಲ್ಲ. ಬಣ್ಣ ಬಳಿದದ್ದು ಗ್ಯಾರೇಜಿನ ತಪ್ಪು. ಆ ಬಣ್ಣ ಹೊಡೆಯುವ ಬದಲು ಒಂದು ಫೋನ್ ಮಾಡಿ, ಮೇಡಂ ನಿಮ್ಮ ಸಿಲ್ ತಿಂದಿದೆ, ಜಾಕ್ ಇಟ್ಟರೆ ಮಡಚಿತು, ಬಂದು ನೋಡಿ ಅಂದಿದ್ದರೆ ಅವರು ಬೈಯುತ್ತಿದ್ದರೇನೋ, ಆದರೆ ನಂಬುತ್ತಿದ್ದರು. ಮುಚ್ಚಿಟ್ಟಿದ್ದರಿಂದ ಏನಾಯಿತು ಅಂದರೆ, ತಮ್ಮದಲ್ಲದ ತಪ್ಪಿಗೂ ಗ್ಯಾರೇಜಿನವರೇ ಮೈಮೇಲೆ ಅನುಮಾನ ಎಳೆದುಕೊಂಡರು. ಬಣ್ಣ ಯಾರು ಹೊಡೆದದ್ದು ಅಂತ ಮಾತ್ರ ಕೊನೆಗೂ ಯಾರೂ ಬಾಯಿ ಬಿಡಲಿಲ್ಲ. ನಾನೂ ಕೆದಕಲಿಲ್ಲ.

ಗಾಡಿ ಬಿಡುವ ಮುಂಚೆ ತೆಗೆದ ಸಿಲ್ಲಿನ ಫೋಟೊ ಒಂದೂ ಗಾಡಿಯವರ ಹತ್ತಿರ ಇರಲಿಲ್ಲ. ಮೀಟರ್ ರೀಡಿಂಗ್ ಫೋಟೊ ಇತ್ತು, ಬಂಪರ್ ಫೋಟೊ ಇತ್ತು. ಯಾರೂ ಬಗ್ಗಿ ಕೆಳಗಿನದನ್ನು ತೆಗೆಯುವುದಿಲ್ಲ. ಈ ಸಲ ತುಕ್ಕೇ ತನ್ನ ವಯಸ್ಸು ಹೇಳಿದ್ದರಿಂದ ಗ್ಯಾರೇಜಿನವರು ಬಚಾವಾದರು. ತಗಡು ಗಟ್ಟಿ ಇದ್ದು, ಜಾಕ್ ಗುರುತು ಕಚ್ಚಿನ ಆಚೆ ಇದ್ದಿದ್ದರೆ ಅವರ ಹತ್ತಿರ ಹೇಳಿಕೊಳ್ಳಲು ಏನೂ ಇರುತ್ತಿರಲಿಲ್ಲ.

ಇನ್ನು ರಿಪೇರಿ. ಗಾಡಿಯವರ ಬೇಡಿಕೆ ಬೇರೆ ಹೆಡ್ ಹಾಕಿಸಿಕೊಡಬೇಕು ಅಂತ. ಗ್ಯಾರೇಜಿನವರು, “ಆ ಹೆಡ್ಡಿನ ಖರ್ಚಿಗೆ ಇಂಥದೇ ಇನ್ನೊಂದು ಗಾಡಿ ಬರುತ್ತೆ” ಅಂದರು. ಗಾಡಿಯ ಮಾರುಕಟ್ಟೆ ಬೆಲೆ ಹಿಡಿದು ಮಾತಾಡುವುದು ಹಳೇ ಗಾಡಿಗಳ ತಕರಾರಿನಲ್ಲಿ ಬಂದೇ ಬರುತ್ತದೆ. ನಾನು ಒಪ್ಪುವ ಲೆಕ್ಕ ಇದು: ಹಾಳು ಮಾಡಿದವರು ಗಾಡಿಯನ್ನು ಮುಂಚೆ ಇದ್ದ ಸ್ಥಿತಿಗೆ ತಂದುಕೊಡಬೇಕು, ಅದಕ್ಕಿಂತ ಕೆಳಗೂ ಅಲ್ಲ, ಮೇಲೂ ಅಲ್ಲ. ಸರಿಯಾದ ರಿಪೇರಿ ಒಂದು ಇದ್ದಾಗ ದುಬಾರಿಯದನ್ನೇ ಕೇಳುವ ಹಾಗಿಲ್ಲ. ಅಗ್ಗ ಅಂತ ಅರೆಬರೆ ರಿಪೇರಿ ಒಪ್ಪುವ ಹಾಗೂ ಇಲ್ಲ.

ಥ್ರೆಡ್ಡಿಗೆ ದಾರಿ ಮೂರಿದ್ದವು. ದೊಡ್ಡ ಟ್ಯಾಪ್ ಹೊಡೆದು ಸ್ಪ್ರಿಂಗಿನಂಥ ವೈರ್ ಇನ್ಸರ್ಟ್ ಕೂರಿಸುವುದು, ಗಟ್ಟಿ ಉಕ್ಕಿನ ಬುಷ್ ಕೂರಿಸುವುದು, ಹೆಡ್ ಬದಲಿಸುವುದು. ವೈರ್ ಇನ್ಸರ್ಟ್ ಬೇರೆ ಬೋಲ್ಟುಗಳಿಗೆ ಚೆನ್ನ. ಪ್ಲಗ್ಗನ್ನು ಮತ್ತೆ ಮತ್ತೆ ಬಿಚ್ಚುತ್ತಿರಬೇಕಾದ್ದರಿಂದ ಅದರ ಜೊತೆ ಸುರುಳಿಯೂ ತಿರುಗಿಕೊಂಡು ಬರುವುದುಂಟು, ನಾನು ನೋಡಿದ್ದೇನೆ. ಗಟ್ಟಿ ಬುಷ್ಷಿಗೆ ಮೇಲೊಂದು ತುಟಿ ಇರುತ್ತದೆ, ಹೆಡ್ಡಿನಲ್ಲಿ ಅದಕ್ಕೆ ಸರಿಯಾಗಿ ಕೊರೆದ ಜಾಗದಲ್ಲಿ ಕೂರುತ್ತದೆ, ತಳದ ಥ್ರೆಡ್ಡನ್ನು ಹಿಗ್ಗಿಸಿ ಲಾಕ್ ಮಾಡುತ್ತಾರೆ. ಸರಿಯಾಗಿ ಹಾಕಿದರೆ ಹೆಡ್ಡಿನ ಮೂಲ ಥ್ರೆಡ್ಡಿಗಿಂತ ಗಟ್ಟಿ. ಬೇರೆ ಹೆಡ್ ಅಂದರೆ ಗುಜರಿಯಿಂದ ಬರಬೇಕು, ಅದರ ಹಣೆಬರಹ ಯಾರಿಗೆ ಗೊತ್ತು? ಅದೂ ಅಲ್ಲದೆ ಹೆಡ್ ಇಳಿಸಬೇಕಾದರೆ 23 ವರ್ಷದ ಬೋಲ್ಟು, ಹೋಸು, ಮ್ಯಾನಿಫೋಲ್ಡಿನ ಸ್ಟಡ್ಡು ಎಲ್ಲ ಮುಟ್ಟಬೇಕು. ಒಂದು ತಕರಾರು ಬಗೆಹರಿಸಲು ಹೋಗಿ ಹತ್ತಕ್ಕೆ ದಾರಿ ಮಾಡಿದಂತೆ. ಇಳಿಸದೆ ಬುಷ್ ಹಾಕಿಸಿ ಅಂದೆ.

“ಅಲ್ಯೂಮಿನಿಯಂ ಚೂರು ಒಳಗೆ ಬೀಳಲ್ವಾ?” ಅಂತ ಅವರು ಕೇಳಿದ್ದು ಸರಿಯಾದ ಭಯ. ಅದಕ್ಕೆ ಮಾಡುವ ಉಪಾಯ ಹೀಗೆ: ಟ್ಯಾಪಿನ ಸಂದುಗಳಿಗೆ ಗ್ರೀಸ್ ತುಂಬಿ ಕಾಲು ಸುತ್ತು, ಅರ್ಧ ಸುತ್ತು ಹೊಡೆದು ಹೊರತೆಗೆದು ಒರೆಸುತ್ತಾ ಹೋಗುವುದು, ಚೂರು ಗ್ರೀಸಿಗೆ ಅಂಟಿಕೊಂಡು ಬರುತ್ತದೆ. ಮುಗಿದ ಮೇಲೆ ಸಣ್ಣ ಕೊಳವೆ ಇಳಿಸಿ ವ್ಯಾಕ್ಯೂಮ್ ಹಿಡಿಯುವುದು. ಎಕ್ಸಾಸ್ಟ್ ವಾಲ್ವ್ ತೆರೆಯುವ ಹಾಗೆ ಕ್ರ್ಯಾಂಕ್ ತಿರುಗಿಸಿ ಗಾಳಿ ಹೊಡೆಯುವುದು. ಕೊನೆಗೆ ತೆಳ್ಳನೆಯ ಕ್ಯಾಮೆರಾ ಬಿಟ್ಟು ಪಿಸ್ಟನ್ ತಲೆ ನೋಡುವುದು. ಆ ವಿಡಿಯೋ ತಮಗೆ ಬೇಕು ಅಂದರು. ನ್ಯಾಯವೇ.

ಈ ಕೆಲಸ ನಾನೇ ಮಾಡಬಹುದಿತ್ತು. ಆದರೆ ಪಂಚಾಯ್ತಿ ಮಾಡಿದವನೇ ಕೂಲಿ ಇಸಕೊಂಡರೆ ಚೆನ್ನಾಗಿರುವುದಿಲ್ಲ ಅಂತ ಇನ್ನೊಬ್ಬ ಮೆಷಿನಿಂಗಿನವರ ಹತ್ತಿರ ಮಾಡಿಸಿದೆ, ಖರ್ಚು ಗ್ಯಾರೇಜಿನದು. ಗ್ಯಾರೇಜಿನವರು ತಮ್ಮಲ್ಲೇ ಮಾಡುತ್ತೇವೆ ಅಂದಿದ್ದರು. ಹಾಳು ಮಾಡಿದವರಿಗೇ ಸರಿ ಮಾಡಲು ಮೊದಲ ಅವಕಾಶ ಕೊಡಬೇಕು ಅನ್ನುವುದನ್ನು ಸಾಮಾನ್ಯವಾಗಿ ನಾನೂ ಒಪ್ಪುತ್ತೇನೆ, ಜಗಳ ಮೇಲಕ್ಕೆ ಹೋದರೆ ಅದನ್ನೇ ಮೊದಲು ಕೇಳುತ್ತಾರೆ ಕೂಡ. ಆದರೆ ಬುಷ್ ಹಾಕುವ ಕಿಟ್ ಅವರ ಹತ್ತಿರ ಇರಲಿಲ್ಲ. ಕಿಟ್ ಇಲ್ಲದೆ ಮಾಡುತ್ತೇವೆ ಅನ್ನುವವರಿಗೆ ಕೊಡಲು ಹೇಗೆ ಹೇಳಲಿ?

ಬುಷ್ ಕೂರಿಸಿ, ನಾಲ್ಕೂ ಪ್ಲಗ್ ಬಿಚ್ಚಿ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಅದುಮಿದಾಗ ಬರುವ ಒತ್ತಡ) ನೋಡಿದಾಗ 11.8, 11.6, 11.5, 11.7 ಬಾರ್ ಬಂತು. 23 ವರ್ಷದ ಎಂಜಿನ್ನಿಗೆ ಇದು ಹೆಮ್ಮೆಯ ಲೆಕ್ಕ, ಮೂರನೆಯದು ಉಳಿದವಕ್ಕಿಂತ ಬೇರೆ ಅಂತ ಹೇಳಲಿಕ್ಕೇ ಆಗದು. ಈ ಅಂಕಿಯನ್ನೂ ಬರೆದಿಟ್ಟೆವು, ನಾಳೆ ಅದೇ ಸಿಲಿಂಡರಿನಲ್ಲಿ ಏನಾದರೂ ಆದರೆ ಹೋಲಿಸಲು ಬೇಕು.

ಕಾಯಿಲ್ ವಿಷಯದಲ್ಲಿ ಒಂದು ದಿನ ಎಳೆದಾಟವಾಯಿತು. ಒಡೆದ ಕಾಯಿಲ್ ಎಂಟು ವರ್ಷದ ಹಿಂದೆ ಹಾಕಿದ್ದು, ಹಾಗಾಗಿ ಅರ್ಧ ಮಾತ್ರ ಕೊಡ್ತೀವಿ ಅಂದರು. ಟೈರೋ ಬ್ಯಾಟರಿಯೋ ಆಗಿದ್ದರೆ ಈ ಮಾತನ್ನು ಒಪ್ಪುತ್ತಿದ್ದೆ, ಅವು ಸವೆಯುವ ಸಾಮಾನು, ಇಷ್ಟು ವರ್ಷ ಅಂತ ಆಯಸ್ಸಿದೆ. ಕಾಯಿಲ್ಲಿಗೆ ಅಂಥಾ ಗಡುವಿಲ್ಲ. ಕೆಡುವ ತನಕ ಕೆಲಸ ಮಾಡುತ್ತದೆ, ಕೆಟ್ಟರೆ ಹೋಯಿತು. ಹೊಸದು ಹಾಕಿದ್ದರಿಂದ ಅವರಿಗೆ ಕೈಗೆ ಸಿಗುವಂಥ ಲಾಭವೇನೂ ಆಗಿಲ್ಲ. ಪೂರ್ತಿ ಕೊಡಿ ಅಂದೆ. ಗ್ಯಾರೇಜಿನವರು ಬೇರೆ ಕಂಪನಿಯ ಕಾಯಿಲ್ ತಂದರು, ಗಾಡಿಯವರಿಗೆ ಮೂಲ ಕಂಪನಿಯದೇ ಬೇಕು. ಒಡೆದದ್ದೂ ಬೇರೆ ಕಂಪನಿಯದೇ ಆಗಿತ್ತಲ್ಲ, ವ್ಯತ್ಯಾಸ ನೀವೇ ಹಾಕಿಕೊಳ್ಳಿ ಅಂದಾಗ ಹಾಕಿಕೊಂಡರು.

ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿದೆ. ಗ್ಯಾರೇಜಿನವರು ಬರೆದು ತಂದದ್ದರಲ್ಲಿ ‘ಈ ವಾಹನದ ಬಗ್ಗೆ ಇನ್ನು ಯಾವುದೇ ತಕರಾರು ಇರುವುದಿಲ್ಲ’ ಅಂತ ಒಂದು ಸಾಲಿತ್ತು. ಅದನ್ನು ಹೊಡೆದುಹಾಕಿಸಿದೆ. ಗೊತ್ತಿರುವ ಹಾನಿಗೆ ಸಹಿ ಹಾಕಬಹುದು, ಇನ್ನೂ ಕಾಣದ್ದಕ್ಕೆ ಯಾಕೆ ಹಾಕಬೇಕು? ಬದಲಿಗೆ ಬರೆದದ್ದು: ಮೂರನೇ ಸಿಲಿಂಡರಿನ ಥ್ರೆಡ್ ಪ್ಲಗ್ ಹಾಕುವಾಗ ಹಾಳಾಯಿತು, ಬುಷ್ ಮತ್ತು ಕಾಯಿಲ್ ಗ್ಯಾರೇಜಿನ ಖರ್ಚು, ಬುಷ್ಷಿಗೆ ಒಂದು ವರ್ಷ ಅಥವಾ 10,000 ಕಿಲೋಮೀಟರ್ ತನಕ ಗ್ಯಾರೇಜಿನ ಹೊಣೆ, ಎಡ ಸಿಲ್ ಜಾಕ್ ಇಟ್ಟಾಗ ಮಡಚಿದ್ದು ಒಳಗಿನ ಹಳೇ ತುಕ್ಕಿನಿಂದ, ಅದನ್ನು ತಿಳಿಸದೆ ಬಣ್ಣ ಹೊಡೆದದ್ದಕ್ಕೆ ಪ್ಲಗ್ ಕೆಲಸದ ಕೂಲಿ ವಾಪಸ್. ಕೊನೆಯ ಸಾಲಿಗೆ ಗ್ಯಾರೇಜಿನವರು ಹತ್ತು ನಿಮಿಷ ಗೊಣಗಿ ಸಹಿ ಹಾಕಿದರು.

ಬಿಲ್ ಮೊದಲೇ ಕಟ್ಟಿದ್ದರಿಂದ ಹಣ ಹಿಡಿದಿಟ್ಟುಕೊಳ್ಳುವ ಪ್ರಶ್ನೆ ಇಲ್ಲಿ ಬರಲಿಲ್ಲ. ಬಂದಿದ್ದರೂ ಪೂರ್ತಿ ತಡೆಯಿರಿ ಅಂತ ನಾನು ಹೇಳುತ್ತಿರಲಿಲ್ಲ. ಕೂಲಿ ಬಾಕಿ ಇದ್ದರೆ ಗಾಡಿಯನ್ನೇ ಹಿಡಿದಿಟ್ಟುಕೊಳ್ಳುವ ಹಕ್ಕು ಬಹಳ ಕಡೆ ಗ್ಯಾರೇಜಿನವರಿಗಿದೆ. ಗಾಡಿ ಅವರ ಶೆಡ್ಡಿನಲ್ಲಿ, ಸಾಕ್ಷಿಯೂ ಅದರೊಳಗೇ. ತಕರಾರು ಇದೆ ಅಂತ ಬಿಲ್ಲಿನ ಮೇಲೇ ಬರೆದು, ಹಣ ಕಟ್ಟಿ, ಗಾಡಿ ತಂದುಕೊಳ್ಳುವುದು ಮೇಲು. ವಿಮೆಯವರಿಗೂ ಫೋನ್ ಮಾಡಿದ್ದರಂತೆ. ಅಪಘಾತವಾಗಿಲ್ಲ, ಎಂಜಿನ್ ಕೆಟ್ಟರೆ ಈ ಪಾಲಿಸಿಯಲ್ಲಿ ಬರುವುದಿಲ್ಲ ಅಂದರಂತೆ, ಅದು ನಿರೀಕ್ಷಿಸಿದ್ದೇ.

ಎಂಟು ತಿಂಗಳಾದ ಮೇಲೆ ಮತ್ತೆ ನೋಡುವ ಸಂದರ್ಭ ಬಂತು. ಅವರು ಅದೇ ಗ್ಯಾರೇಜಿಗೇ ಸರ್ವಿಸಿಗೆ ಬಿಟ್ಟಿದ್ದಾರೆ, ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು. ಕೇಳಿದ್ದಕ್ಕೆ, “ಈಗ ಅವರಿಗೆ ನನ್ನ ಗಾಡಿ ಅಂದ್ರೆ ಭಯ ಇದೆ, ಬೇರೆಯವರಿಗೆ ಇಲ್ಲ” ಅಂದರು. ಮೂರನೇ ಪ್ಲಗ್ಗನ್ನು ನನ್ನೆದುರೇ ಬಿಚ್ಚಿಸಿದೆವು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಮೊದಲ ಅರ್ಧ ಸುತ್ತು ಪಾನಾದಲ್ಲಿ, ಉಳಿದದ್ದು ಬೆರಳಲ್ಲಿ ಬಂತು. ಬುಷ್ ಜಾಗ ಬಿಟ್ಟು ಕದಲಿರಲಿಲ್ಲ. ವಾಪಸ್ ಹಾಕುವಾಗ ಆ ಹುಡುಗ ಜೇಬಿನಿಂದ ಗೇಣುದ್ದದ ರಬ್ಬರ್ ಪೈಪ್ ತೆಗೆದ.

ಸಿಲ್ಲಿನ ತೂತುಗಳನ್ನು ನಾನೇ ಮೊಳೆಯಲ್ಲಿ ಚುಚ್ಚಿ ಬಿಡಿಸಿಕೊಟ್ಟಿದ್ದೆ. ಎಡಗಡೆಯದರಿಂದ ಕಪ್ಪು ಕೆಸರು ಒಂದು ಲೋಟದಷ್ಟು ಇಳಿಯಿತು. ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿಸುವ ಕೆಲಸ ಗಾಡಿಯವರ ಖರ್ಚಿನಲ್ಲಿ ಆಗಬೇಕಾದದ್ದು, ಇನ್ನೂ ಆಗಿಲ್ಲ. ಅಲ್ಲಿಯ ತನಕ ಆ ಪಕ್ಕ ಜಾಕ್ ಇಡಬೇಡಿ ಅಂತ ಜಾಬ್ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ.